ಮೊದಲು ನೋಡುವವರು ಮನೆಯವರು

ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ಆ ವಿಷಯವನ್ನು ಮನೆಯವರಿಗೆ ತಿಳಿಸುವುದಕ್ಕೆ ಒಂದು ಕ್ರಮ ಇದೆ. ಯಾರೋ ಒಬ್ಬರು ಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತುಕೊಂಡೇ ಹೇಳಿಬಿಡುವುದಿಲ್ಲ. ಒಳಗೆ ಬಂದು, ಅವರನ್ನು ಕೂರಿಸಿ, ಮನೆಯಲ್ಲಿ ಇನ್ನು ಯಾರಿದ್ದಾರೆ ಅಂತ ನೋಡಿಕೊಂಡು, ಮೆಲ್ಲಗೆ ಮಾತು ತೆಗೆಯುತ್ತಾರೆ. ಕೇಳಿಸಿಕೊಳ್ಳುವವರು ಕುಸಿದರೆ ಹಿಡಿದುಕೊಳ್ಳುವುದಕ್ಕೆ ಪಕ್ಕದಲ್ಲಿ ಒಂದು ಕೈ ಇರಲಿ ಅನ್ನುವುದು ಅದರ ಹಿಂದಿನ ಕಾಳಜಿ. ಈಗ ಆ ಕ್ರಮ ತಪ್ಪಿಹೋಗಿದೆ. ಹೇಳುವವರು ಇನ್ನೂ ದಾರಿಯಲ್ಲಿರುವಾಗಲೇ ಫೋಟೊ ಫೋನಿಗೆ ಬಂದಿರುತ್ತದೆ. ಮಗನ ಶರ್ಟಿನ ಬಣ್ಣ ನೋಡಿ ಅಮ್ಮ ಗುರುತು ಹಿಡಿಯುತ್ತಾಳೆ.

ಗಾಯಗೊಂಡವರ, ಸತ್ತವರ, ಕೊಲೆಯಾದವರ ಫೋಟೊಗಳ ಬಗ್ಗೆ ಚರ್ಚೆ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಓದುಗರಿಗೆ ಇದನ್ನು ನೋಡಿದರೆ ಹಿಂಸೆ ಆಗುತ್ತದಾ? ನನಗೆ ಈ ಪ್ರಶ್ನೆ ಎರಡನೆಯದು ಅನ್ನಿಸುತ್ತದೆ. ಓದುಗರಿಗೆ ಹಿಂಸೆ ಆದರೆ ಪುಟ ತಿರುಗಿಸುತ್ತಾರೆ, ಚಾನೆಲ್ ಬದಲಿಸುತ್ತಾರೆ. ಫೋಟೊದಲ್ಲಿ ಇರುವವರ ಮಗಳು ಏನು ಮಾಡಬೇಕು? ಅವಳು ಬದುಕಿರುವವರೆಗೂ ಆ ಚಿತ್ರ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ನಾನು ಕೆಲವು ವರ್ಷ ಸುದ್ದಿಮನೆಯ ಡೆಸ್ಕ್‌ನಲ್ಲಿ, ಅಂದರೆ ಸುದ್ದಿ, ಫೋಟೊ ಆರಿಸಿ ಪುಟ ಸಿದ್ಧಮಾಡುವ ಕಡೆ ಕೆಲಸ ಮಾಡಿದ್ದೇನೆ. ಆಮೇಲೂ ಈ ವಿಷಯ ತಲೆಯಿಂದ ಹೋಗಿಲ್ಲ. ಈ ಚಿತ್ರವನ್ನು ಮೊದಲು ನೋಡುವವರು ಅವರ ಮನೆಯವರೇ ಅಂತ ಅಂದುಕೊಂಡು ನಿರ್ಧಾರ ಮಾಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಾಗಂತ ಏನನ್ನೂ ತೋರಿಸಬಾರದು ಅಂತ ನಾನು ಹೇಳುತ್ತಿಲ್ಲ. ತೋರಿಸಲೇಬೇಕಾದ ಚಿತ್ರಗಳೂ ಇವೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಒಂದು ಕುಟುಂಬಕ್ಕೆ ಏನಾಯಿತು ಅಂತ ಹೇಳಬೇಕು. 2006ರ ಅಕ್ಟೋಬರ್ 31ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದ ಹುಡುಗಿಯೊಬ್ಬಳು ಕಾರು ಅಪಘಾತದಲ್ಲಿ ತೀರಿಕೊಂಡಳು. ದೇಹದ ಸ್ಥಿತಿ ನೋಡಿ, ಗುರುತಿಸುವುದಕ್ಕೂ ಅಪ್ಪ ಅಮ್ಮನನ್ನು ಬಿಡಲಿಲ್ಲ. ಆದರೆ ತನಿಖೆಗೆ ಅಂತ ತೆಗೆದ ಫೋಟೊಗಳನ್ನು ಹೆದ್ದಾರಿ ಪೊಲೀಸ್ ಇಲಾಖೆಯ ಸಿಬ್ಬಂದಿಯೇ ಹೊರಗಿನವರಿಗೆ ಇಮೇಲ್ ಮಾಡಿದರು. ಅಲ್ಲಿಂದ ಅವು ಇಂಟರ್‌ನೆಟ್ ತುಂಬ ಹರಡಿದವು. ಯಾರೋ ಅಪರಿಚಿತರು ಅದೇ ಫೋಟೊವನ್ನು ಕೊಂಕು ಮಾತಿನ ಜೊತೆ ಹುಡುಗಿಯ ಅಪ್ಪನಿಗೇ ಕಳಿಸಿದರು. ತಂಗಿಯೊಬ್ಬಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಬೇಕಾಯಿತು, ಯಾರಾದರೂ ಆ ಚಿತ್ರ ತೋರಿಸಿಬಿಟ್ಟರೆ ಅನ್ನುವ ಭಯಕ್ಕೆ.

ಕುಟುಂಬ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು ಕೇಸನ್ನು ತಳ್ಳಿಹಾಕಿತು. ಮೇಲ್ಮನವಿ ಕೋರ್ಟು 2010ರಲ್ಲಿ ಅದನ್ನು ಬದಲಿಸಿ, ಸತ್ತವರ ಇಂಥ ಚಿತ್ರಗಳ ವಿಷಯದಲ್ಲಿ ಮನೆಯವರಿಗೂ ಖಾಸಗಿತನದ ಹಕ್ಕಿದೆ ಅಂತ ಹೇಳಿತು. 2012ರಲ್ಲಿ ಸುಮಾರು 23.7 ಲಕ್ಷ ಡಾಲರ್‌ಗೆ ರಾಜಿಯಾಯಿತು. ಫೋಟೊಗಳು ಮಾತ್ರ ವಾಪಸ್ ಬರಲಿಲ್ಲ. ಬರುವ ದಾರಿಯೂ ಇಲ್ಲ.

ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ 2020ರ ಜನವರಿಯಲ್ಲಿ ಮಗಳ ಜೊತೆ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗಲೂ ಸ್ಥಳಕ್ಕೆ ಹೋದ ಸಿಬ್ಬಂದಿ ಶವಗಳ ಫೋಟೊ ತೆಗೆದು ಹಂಚಿಕೊಂಡರು. ಈ ಕೇಸಿನಲ್ಲಿ ಫೋಟೊಗಳು ಇಂಟರ್‌ನೆಟ್ಟಿಗೆ ಬರಲೇ ಇಲ್ಲ. ಆದರೂ ಯಾವತ್ತಾದರೂ ಒಂದು ದಿನ ಅವು ಕಣ್ಣೆದುರು ಬಂದುಬಿಡಬಹುದು ಅನ್ನುವ ಭಯದಲ್ಲೇ ಬದುಕುತ್ತಿದ್ದೇನೆ ಅಂತ ಅವರ ಹೆಂಡತಿ ಕೋರ್ಟಿನಲ್ಲಿ ಹೇಳಿದರು. 2022ರಲ್ಲಿ ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಪು ಕೊಡುವ ಸಾಮಾನ್ಯ ಜನರ ಮಂಡಳಿ, ಅವರಿಗೂ, ಅದೇ ಅಪಘಾತದಲ್ಲಿ ಹೆಂಡತಿ ಮಗಳನ್ನು ಕಳೆದುಕೊಂಡ ಇನ್ನೊಬ್ಬರಿಗೂ ಸೇರಿ 3.1 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅಷ್ಟರೊಳಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನೂ ಬಂದಿತ್ತು. ಕೆಲಸಕ್ಕೆ ಬೇಡದಿದ್ದರೂ ಸ್ಥಳದಲ್ಲಿ ಶವದ ಫೋಟೊ ತೆಗೆದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗೆ ಅದು ಅಪರಾಧ. ಜರ್ಮನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2021ರಿಂದ ಅಲ್ಲಿ ಸತ್ತವರನ್ನು ಅವಮಾನ ಆಗುವ ಹಾಗೆ ಚಿತ್ರಿಸಿದರೆ ದಾರಿಹೋಕರಿಗೂ ಎರಡು ವರ್ಷದವರೆಗೆ ಜೈಲು ಆಗಬಹುದು.

ಈ ಎರಡು ಕೇಸುಗಳಲ್ಲಿ ತಪ್ಪು ಮಾಡಿದ್ದು ಸರ್ಕಾರಿ ಸಿಬ್ಬಂದಿ, ಪತ್ರಿಕೆಗಳ ಪಾತ್ರ ಏನಿದೆ ಅಂತ ಕೇಳಬಹುದು. ಇದೆ. ಶವದ ಫೋಟೊ ಸುದ್ದಿಮನೆಗೆ ಬರುವ ದಾರಿ ಎಲ್ಲರಿಗೂ ಗೊತ್ತಿರುವುದೇ. ತನಿಖೆ ಮಾಡುವವರ ಫೋನಿನಿಂದ ವರದಿಗಾರರ ಫೋನಿಗೆ, ಅಲ್ಲಿಂದ ಗ್ರೂಪಿಗೆ, ಗ್ರೂಪಿನಿಂದ ಡೆಸ್ಕಿಗೆ. ಯಾರು ತೆಗೆದಿದ್ದು, ಯಾಕೆ ತೆಗೆದಿದ್ದು, ಹಾಕುವುದಕ್ಕೆ ಒಪ್ಪಿಗೆ ಇದೆಯಾ ಅಂತ ಮಧ್ಯದಲ್ಲಿ ಯಾರೂ ಕೇಳುವುದಿಲ್ಲ. ತೆಗೆದುಕೊಳ್ಳುವವರು ಇರುವುದರಿಂದಲೇ ಕೊಡುವವರೂ ಇರುತ್ತಾರೆ.

ಮೆಕ್ಸಿಕೊ ನಗರದಲ್ಲಿ 2020ರ ಫೆಬ್ರುವರಿಯಲ್ಲಿ ನಡೆದದ್ದು ಇದರ ಕೊನೆಯ ಹಂತ. 25 ವರ್ಷದ ಹೆಣ್ಣುಮಗಳೊಬ್ಬಳನ್ನು ಜೊತೆಗಿದ್ದವನೇ ಕೊಂದ. ಆ ದೇಹಕ್ಕೆ ಏನು ಮಾಡಿದ್ದ ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಫೋಟೊಗಳು ಅಧಿಕಾರಿಗಳ ಕಡೆಯಿಂದ ಸೋರಿದವು. ಅಲ್ಲಿನ ಪತ್ರಿಕೆಗಳು ಅವನ್ನು ಮುಖಪುಟದಲ್ಲಿ ಹಾಕಿದವು. ಒಂದು ಪತ್ರಿಕೆಯಂತೂ ಎಲ್ಲ ತಪ್ಪು ಪ್ರೇಮದೇವತೆಯದು ಅನ್ನುವ ಅರ್ಥದ ತಲೆಬರಹ ಕೊಟ್ಟಿತು. ಕೊಲೆಯಾದವಳ ದೇಹದ ಪಕ್ಕದಲ್ಲಿ ಪ್ರೇಮದ ತಮಾಷೆ! ಇದನ್ನು ನೆನೆಸಿಕೊಂಡಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಪುಟವನ್ನು ಒಬ್ಬರು ವಿನ್ಯಾಸ ಮಾಡಿದ್ದಾರೆ, ಒಬ್ಬರು ತಲೆಬರಹ ಬರೆದಿದ್ದಾರೆ, ಒಬ್ಬರು ನೋಡಿ ಒಪ್ಪಿದ್ದಾರೆ. ಯಾರ ಕೈಯೂ ತಡೆಯಲಿಲ್ಲ.

ಆಮೇಲೆ ನಡೆದದ್ದನ್ನೂ ಹೇಳಬೇಕು. ಸಾವಿರಾರು ಜನ ಆ ಹೆಣ್ಣುಮಗಳ ಹೆಸರಿನ ಜೊತೆ ಹೂವು, ಸಮುದ್ರ, ಸೂರ್ಯಾಸ್ತದ ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಿದರು. ಯಾರಾದರೂ ಅವಳ ಹೆಸರು ಹುಡುಕಿದರೆ ಶವದ ಫೋಟೊ ಹಿಂದೆ ಬಿದ್ದು, ಚಂದದ ಚಿತ್ರಗಳೇ ಮುಂದೆ ಬರಲಿ ಅಂತ. ಹೆಂಗಸರು ಫೋಟೊ ಹಾಕಿದ್ದ ಪತ್ರಿಕೆಯೊಂದರ ಕಚೇರಿ ಮುಂದೆ ಪ್ರತಿಭಟನೆ ಮಾಡಿದರು. ಕೊನೆಗೆ ಇಂಥ ಫೋಟೊ ಸೋರಿಕೆ ಮಾಡುವ ಅಧಿಕಾರಿಗಳನ್ನು ಶಿಕ್ಷಿಸುವ ಕಾನೂನು ಬಂತು. ಜನ ಅದನ್ನು ಅವಳ ಹೆಸರಿನಿಂದಲೇ ಕರೆಯುತ್ತಾರೆ.

ಅಪರಾಧದ ಚಿತ್ರಗಳಲ್ಲಿ ಇನ್ನೊಂದು ಕಷ್ಟ ಇದೆ. ಕೆಲವು ಸಲ ಕೊಲೆಗಾರನಿಗೇ ಅದು ಜನರ ಕಣ್ಣಿಗೆ ಬೀಳಬೇಕಾಗಿರುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಮಸೀದಿಗಳ ಮೇಲೆ ದಾಳಿ ಮಾಡಿದವನು ಅದನ್ನು ಲೈವ್ ಆಗಿ ತೋರಿಸಿದ. ಲೈವ್ ನಡೆಯುವಾಗ ನೋಡಿದವರು 200ಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಯಲ್ಲಿ ಫೇಸ್‌ಬುಕ್ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆಯಬೇಕಾಯಿತು. ಇವುಗಳಲ್ಲಿ 12 ಲಕ್ಷಕ್ಕೂ ಜಾಸ್ತಿ ಅಪ್‌ಲೋಡ್ ಆಗುವಾಗಲೇ ತಡೆದಂಥವು. ಒಂದು ವಿಡಿಯೊವನ್ನು ಅಷ್ಟು ಸಲ ಹಂಚಿದ್ದು ಯಾರು? ಅವರಲ್ಲಿ ಎಷ್ಟೋ ಜನರಿಗೆ ಕೊಲೆಗಾರನ ಮೇಲೆ ಪ್ರೀತಿಯೇನೂ ಇರಲಿಲ್ಲ. ‘ನೋಡಿ ಎಂಥ ಘೋರ’ ಅಂತ ಹೇಳುತ್ತಲೇ ಅವನ ಕೆಲಸ ಮಾಡಿಕೊಟ್ಟರು. ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವನ ಹೆಸರನ್ನು ಯಾವತ್ತೂ ಹೇಳುವುದಿಲ್ಲ ಅಂದರು. ನನಗೆ ಅದು ತುಂಬ ಸರಿಯಾದ ನಿಲುವು ಅನ್ನಿಸಿತು.

ಈಗ ತೋರಿಸಲೇಬೇಕಾದ ಚಿತ್ರಗಳ ವಿಷಯ.

1955ರ ಆಗಸ್ಟ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಎತ್ತಿಕೊಂಡು ಹೋಗಿ ಹಿಂಸಿಸಿ ಕೊಂದು ನದಿಗೆ ಎಸೆದರು. ದೇಹ ಶಿಕಾಗೊಗೆ ಬಂದಾಗ ಅವನ ಅಮ್ಮ ಮೇಮಿ ಟಿಲ್ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇಡಬೇಕು ಅಂತ ಹಟ ಹಿಡಿದರು. ನನ್ನ ಮಗನಿಗೆ ಏನು ಮಾಡಿದ್ದಾರೆ ಅನ್ನುವುದನ್ನು ಜಗತ್ತು ನೋಡಲಿ ಅನ್ನುವುದು ಅವರ ನಿರ್ಧಾರ. ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು. ಜೆಟ್ ಪತ್ರಿಕೆ ಆ ಮುಖದ ಫೋಟೊ ಪ್ರಕಟಿಸಿತು. ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಮುಂದಿನ ವರ್ಷ ಅವರೇ ಒಂದು ಪತ್ರಿಕೆಗೆ ಕೊಲೆ ಮಾಡಿದ್ದು ನಾವೇ ಅಂತ ಹೇಳಿಕೊಂಡರು. ಕೋರ್ಟಿನಲ್ಲಿ ಸಿಗದ ನ್ಯಾಯವನ್ನು ಆ ಫೋಟೊ ಜನರ ಮನಸ್ಸಿನಲ್ಲಿ ಕೇಳಿತು. ಕಪ್ಪುಜನರ ಹಕ್ಕಿನ ಹೋರಾಟಕ್ಕೆ ಇಳಿದ ಒಂದು ಇಡೀ ತಲೆಮಾರು ಆ ಮುಖವನ್ನು ನೆನಪಿಟ್ಟುಕೊಂಡಿತ್ತು.

ಮೆಕ್ಸಿಕೊದ ಮುಖಪುಟವೂ ಶವದ ಫೋಟೊ, ಇದೂ ಶವದ ಫೋಟೊ. ಎರಡರಲ್ಲೂ ದೇಹ ವಿರೂಪವಾಗಿದೆ. ಬರೀ ಎಷ್ಟು ಭೀಕರ ಅಂತ ಅಳೆದರೆ ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆದರೆ ಒಂದನ್ನು ಅಮ್ಮ ಕೊಟ್ಟಳು, ಇನ್ನೊಂದನ್ನು ಕದ್ದರು. ಒಂದರ ಹಿಂದೆ ಯಾರ ಮೇಲೆ ಬೆರಳು ತೋರಿಸಬೇಕು ಅನ್ನುವ ಸ್ಪಷ್ಟತೆ ಇತ್ತು. ಇನ್ನೊಂದರ ಹಿಂದೆ ಮರುದಿನ ಎಷ್ಟು ಪ್ರತಿ ಹೋಗುತ್ತದೆ ಅನ್ನುವ ಲೆಕ್ಕ ಇತ್ತು. ಎಷ್ಟು ರಕ್ತ ಕಾಣುತ್ತದೆ ಅನ್ನುವುದರ ಮೇಲೆ ನಿಯಮ ಮಾಡುವವರು ಈ ವ್ಯತ್ಯಾಸವನ್ನು ಹಿಡಿಯಲಾರರು.

ಮನೆಯವರನ್ನು ಕೇಳುವುದಕ್ಕೆ ಸಮಯವೇ ಇಲ್ಲದ ಸಂದರ್ಭಗಳೂ ಇವೆ. 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿಯ ಕತ್ತಿನ ಮೇಲೆ ಸಾಯುವವರೆಗೂ ಮೊಣಕಾಲೂರಿ ಕೂತಾಗ 17 ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ವಿಡಿಯೊ ಮಾಡಿದಳು. ಪೊಲೀಸರ ಮೊದಲ ಹೇಳಿಕೆಯ ತಲೆಬರಹದಲ್ಲಿ, ಪೊಲೀಸರ ಜೊತೆಗಿನ ಒಡನಾಟದ ವೇಳೆ ವೈದ್ಯಕೀಯ ತೊಂದರೆಯಾಗಿ ವ್ಯಕ್ತಿಯೊಬ್ಬ ಸತ್ತ ಅನ್ನುವಷ್ಟೇ ಇತ್ತು. ವಿಡಿಯೊ ಇಲ್ಲದಿದ್ದರೆ ಅದೇ ಸತ್ಯವಾಗಿ ಉಳಿಯುತ್ತಿತ್ತು. ಅಧಿಕಾರ ಇರುವವರು ಸುಳ್ಳು ಹೇಳುವಾಗ ಚಿತ್ರವೇ ಸಾಕ್ಷಿ. ಅಂಥ ಚಿತ್ರವನ್ನು ತಡೆಯುವುದು ಸಭ್ಯತೆ ಆಗುವುದಿಲ್ಲ. ಆದರೆ ಅಲ್ಲೂ ನನಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಸಾಕ್ಷಿಯಾಗಿ ಒಮ್ಮೆ ತೋರಿಸುವುದು ಬೇರೆ. ಚರ್ಚೆ ನಡೆಯುವಾಗ ಪಕ್ಕದ ಚೌಕದಲ್ಲಿ ಒಬ್ಬ ಮನುಷ್ಯನ ಕೊನೆಯುಸಿರನ್ನು ಗಂಟೆಗಟ್ಟಲೆ ಓಡಿಸುತ್ತಲೇ ಇರುವುದು ಬೇರೆ. ನೂರನೇ ಸಲ ಅದು ಯಾವ ಸತ್ಯವನ್ನೂ ಸಾಬೀತು ಮಾಡುವುದಿಲ್ಲ.

ಜಗತ್ತನ್ನು ಬದಲಿಸಿದ ಫೋಟೊ ಅಂತ ಹೇಳುವಾಗಲೂ ಫೋಟೊದೊಳಗೆ ಇರುವವರನ್ನು ಮರೆಯಬಾರದು. 1972ರ ಜೂನ್ 8ರಂದು ವಿಯೆಟ್ನಾಂನಲ್ಲಿ ಮೈಗೆ ಅಂಟಿಕೊಂಡು ಉರಿಯುವ ನೇಪಾಮ್ ಬಾಂಬಿನಿಂದ ಸುಟ್ಟು, ಬಟ್ಟೆಯಿಲ್ಲದೆ ಓಡಿ ಬರುತ್ತಿರುವ ಕಿಮ್ ಫುಕ್ ಅನ್ನುವ ಬಾಲಕಿಯ ಚಿತ್ರ ಎಲ್ಲರಿಗೂ ಗೊತ್ತು. ಯುದ್ಧದ ನಿಜವಾದ ಮುಖ ಅದು, ಪ್ರಕಟವಾಗಬೇಕಿತ್ತು ಅಂತಲೇ ನಾನೂ ನಂಬುತ್ತೇನೆ. ಆದರೆ ಆಕೆ ಬದುಕುಳಿದರು, ದೊಡ್ಡವರಾದರು. ಬೆಳೆಯುವಾಗ ಆ ಚಿತ್ರವನ್ನು ಕಂಡರೆ ಆಗುತ್ತಿರಲಿಲ್ಲ, ನಾಚಿಕೆ ಆಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಅದರ ಜೊತೆ ರಾಜಿಯಾಗುವುದಕ್ಕೆ ಅವರಿಗೆ ವರ್ಷಗಳೇ ಹಿಡಿದವು. ಜಗತ್ತಿಗೆ ಒಳ್ಳೆಯದಾದ ಚಿತ್ರದ ಬೆಲೆಯನ್ನೂ ಒಬ್ಬರು ಕಟ್ಟುತ್ತಿರುತ್ತಾರೆ. ಆ ಒಬ್ಬರು ಸಂಪಾದಕರಂತೂ ಅಲ್ಲ.

ಇನ್ನೊಂದು ವಿಷಯ, ಸ್ವಲ್ಪ ಬೇಸರದ್ದು. ಆಘಾತ ಕೊಟ್ಟರೆ ಜನ ಎಚ್ಚರಾಗುತ್ತಾರೆ ಅನ್ನುವ ವಾದ ಪೂರ್ತಿ ನಿಲ್ಲುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಸಮುದ್ರ ತೀರದಲ್ಲಿ ಮುಖ ಕೆಳಗಾಗಿ ಮಲಗಿದ್ದ ಸಿರಿಯಾದ ಪುಟ್ಟ ಹುಡುಗನ ಚಿತ್ರ ಬಂದಾಗ ಸ್ವೀಡನ್ನಿನ ರೆಡ್ ಕ್ರಾಸ್‌ಗೆ ನಿರಾಶ್ರಿತರಿಗಾಗಿ ಬರುವ ದೇಣಿಗೆ ಹಲವು ಪಟ್ಟು ಏರಿತು. ಕೆಲವೇ ವಾರಗಳಲ್ಲಿ ಅದು ಮತ್ತೆ ಇಳಿಯಿತು. ಸಮುದ್ರ ದಾಟುವಾಗ ಮುಳುಗುವವರು ಆಮೇಲೂ ಮುಳುಗುತ್ತಲೇ ಇದ್ದರು.

ಅಪಘಾತದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇನ್ನೂ ಖಚಿತ. ಅಪಘಾತದಲ್ಲಿ ಸತ್ತವರ ದೇಹದ ಚಿತ್ರ ಅಪಘಾತದ ಬಗ್ಗೆ ಏನನ್ನೂ ಹೇಳುವುದಿಲ್ಲ. ಯಾಕೆ ಆಯಿತು ಅನ್ನುವುದಕ್ಕೆ ಉತ್ತರ ಅಲ್ಲಿಲ್ಲ. ಉತ್ತರ ಇರುವುದು ರಸ್ತೆಯ ತಿರುವಿನಲ್ಲಿ, ಕಿತ್ತುಹೋದ ತಡೆಗೋಡೆಯಲ್ಲಿ, ಬ್ರೇಕ್ ಹಾಕಿದ ಗುರುತು ಇದೆಯೋ ಇಲ್ಲವೋ ಅನ್ನುವುದರಲ್ಲಿ, ಬಸ್ಸಿನ ತುರ್ತು ಬಾಗಿಲಿಗೆ ಅಡ್ಡವಾಗಿ ಹಾಕಿದ ಸೀಟಿನಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಲಾರಿಯಲ್ಲಿ. ಇವನ್ನು ಫೋಟೊ ತೆಗೆಯುವುದಕ್ಕೆ ಸ್ಥಳದಲ್ಲಿ ಸುತ್ತಾಡಬೇಕು, ಬಗ್ಗಿ ನೋಡಬೇಕು, ಅಲ್ಲಿನವರನ್ನು ಕೇಳಬೇಕು. ದೇಹದ ಫೋಟೊಗೆ ಇದ್ಯಾವುದೂ ಬೇಡ. ಭೀಕರ ಚಿತ್ರ ಎಷ್ಟೋ ಸಲ ಕೆಲಸ ಮಾಡದ ವರದಿಯನ್ನು ಮುಚ್ಚಿಹಾಕುತ್ತದೆ. ಮರುದಿನ ಓದುಗರ ತಲೆಯಲ್ಲಿ ರಕ್ತ ಉಳಿದಿರುತ್ತದೆ, ರಸ್ತೆ ಮಾಡಿದವರು ಯಾರು ಅನ್ನುವ ಪ್ರಶ್ನೆ ಉಳಿದಿರುವುದಿಲ್ಲ.

ಒಂಟಿಯಾಗಿ ಬಿದ್ದಿರುವ ಚಪ್ಪಲಿ, ಚದುರಿದ ಪುಸ್ತಕ, ಇಂಥವನ್ನು ಹಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು. ಆದರೆ ಅಲ್ಲೂ ಮಗುವಿನ ಬ್ಯಾಗಿನ ಮೇಲಿನ ಹೆಸರು, ಗಾಡಿಯ ನಂಬರ್ ಕಾಣುತ್ತಿದೆಯಾ ಅಂತ ನೋಡಬೇಕು. ಮನೆಗೆ ಇನ್ನೂ ವಿಷಯ ತಲುಪಿಲ್ಲದಿದ್ದರೆ, ಯಾರದು ಅಂತ ಗುರುತು ಹಿಡಿಯುವುದಕ್ಕೆ ಅಷ್ಟು ಸಾಕು.

ಯಾರ ಸಾವನ್ನು ತೋರಿಸುತ್ತೇವೆ, ಯಾರದನ್ನು ತೋರಿಸುವುದಿಲ್ಲ ಅನ್ನುವುದರಲ್ಲೂ ಒಂದು ಅನ್ಯಾಯ ಇದೆ. 2019ರ ಜನವರಿ 15ರಂದು ನೈರೋಬಿಯ ಹೋಟೆಲ್ ಸಂಕೀರ್ಣವೊಂದರ ಮೇಲೆ ಉಗ್ರರ ದಾಳಿಯಾಗಿ 21 ಜನ ಸತ್ತರು. ನ್ಯೂಯಾರ್ಕ್ ಟೈಮ್ಸ್ ತನ್ನ ವರದಿಯ ಜೊತೆ, ಮೇಜಿನ ಮುಂದೆ ಕೂತಲ್ಲೇ ಸತ್ತವರ ಫೋಟೊ ಹಾಕಿತು. ಕೀನ್ಯಾದ ಜನ ಸಿಟ್ಟಿಗೆದ್ದರು. ನಿಮ್ಮ ದೇಶದಲ್ಲಿ ಗುಂಡಿನ ದಾಳಿ ಆದಾಗ ನಿಮ್ಮವರ ಶವಗಳನ್ನು ಹೀಗೆ ಹಾಕುತ್ತೀರಾ ಅಂತ ಕೇಳಿದರು. ಅಲ್ಲಿನ ಮಾಧ್ಯಮ ಮಂಡಳಿ ಫೋಟೊ ತೆಗೆಯಿರಿ ಅಂತ ಕೇಳಿತು. ಪತ್ರಿಕೆ ತನ್ನ ನಿರ್ಧಾರವನ್ನು ಸಮರ್ಥಿಸಿಕೊಂಡಿತು. ಆದರೆ ಆ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ. ದೂರದವರು, ಬಡವರು, ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ಜಗಳವಾಡುವ ಶಕ್ತಿ ಇಲ್ಲದವರು ಸತ್ತಾಗ ಕೈ ಸಡಿಲವಾಗುತ್ತದೆ. ದೊಡ್ಡ ಮನೆಯವರು ಸತ್ತಾಗ ನಗುಮುಖದ ಹಳೇ ಫೋಟೊ, ಕೂಲಿಯವರು ಸತ್ತಾಗ ಬಿದ್ದ ಜಾಗದ ಫೋಟೊ. ಇದನ್ನು ನಾನು ಪುಟಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಬ್ಲರ್ ಮಾಡಿದರೆ ಆಯಿತಲ್ಲ ಅನ್ನುವವರಿಗೆ ಒಂದು ಮಾತು. ಬ್ಲರ್ ಅಪರಿಚಿತರಿಂದ ಮುಖ ಮುಚ್ಚುತ್ತದೆ, ಅಷ್ಟೇ. ಮನೆಯವರಿಗೆ ಬಟ್ಟೆ ಸಾಕು, ಕೈಯ ಬಳೆ ಸಾಕು, ಮಲಗಿರುವ ಭಂಗಿ ಸಾಕು. ಟಿವಿಯಲ್ಲಂತೂ ಎಷ್ಟೋ ಸಲ ತೆಳುವಾಗಿ ಮಸುಕು ಮಾಡಿ, ಅದನ್ನೇ ಕೆಂಪು ವೃತ್ತ ಹಾಕಿ ತೋರಿಸುತ್ತಾರೆ. ಮುಚ್ಚಿದ ಹಾಗೂ ಆಯಿತು, ಅಲ್ಲೇ ನೋಡಿ ಅಂತ ಹೇಳಿದ ಹಾಗೂ ಆಯಿತು.

ಆದರೂ ಬ್ಲರ್‌ನಲ್ಲಿ ಒಂದು ಪ್ರಾಮಾಣಿಕತೆ ಇದೆ. ಇಲ್ಲಿ ಏನೋ ಮುಚ್ಚಿದ್ದೇವೆ ಅಂತ ಅದು ಕಾಣುವ ಹಾಗೆ ಹೇಳುತ್ತದೆ. ಕಾಣದ ಹಾಗೆ ಅಳಿಸುವುದು ಬೇರೆ. 2004ರಲ್ಲಿ ಮ್ಯಾಡ್ರಿಡ್ ರೈಲು ಸ್ಫೋಟದ ಪ್ರಸಿದ್ಧ ಚಿತ್ರವೊಂದರಲ್ಲಿ ಹಳಿಯ ಪಕ್ಕ ತುಂಡಾದ ಅಂಗವೊಂದು ಕಾಣುತ್ತಿತ್ತು. ಬ್ರಿಟನ್ನಿನ ಕೆಲವು ಪತ್ರಿಕೆಗಳು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿ ಜಲ್ಲಿಕಲ್ಲು ತುಂಬಿದವು. ಗಾರ್ಡಿಯನ್ ಅದರ ಕೆಂಪು ಬಣ್ಣ ತೆಗೆದು ಬೂದು ಮಾಡಿತು. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟವಾದಾಗ ನ್ಯೂಯಾರ್ಕಿನ ಡೇಲಿ ನ್ಯೂಸ್ ಗಾಯಗೊಂಡ ಕಾಲಿನ ಭಾಗವನ್ನು ತಿದ್ದಿ ಮುಖಪುಟಕ್ಕೆ ಹಾಕಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸುದ್ದಿ ಚಿತ್ರದೊಳಗೆ ಕೈ ಹಾಕುವುದನ್ನು ನಾನು ಒಪ್ಪಲಾರೆ. ಆ ಚಿತ್ರ ಹಾಕಲಾಗದಷ್ಟು ಭೀಕರವಾಗಿದ್ದರೆ ಬೇರೆ ಚಿತ್ರ ಹುಡುಕಬೇಕು. ಸಿಗದಿದ್ದರೆ ಬರಹ ಸಾಕು. ಇವತ್ತು ಕೃತಕ ಬುದ್ಧಿಮತ್ತೆಯಿಂದ ಒಂದು ನಿಮಿಷದಲ್ಲಿ ಏನು ಬೇಕಾದರೂ ಅಳಿಸಬಹುದು, ಸೇರಿಸಬಹುದು. ಹಾಗಾಗಿ ಈ ಗೆರೆ ಇನ್ನೂ ಗಟ್ಟಿಯಾಗಿರಬೇಕು.

ಡೆಸ್ಕ್‌ನಲ್ಲಿ ಈ ನಿರ್ಧಾರಗಳು ಹೇಗೆ ಆಗುತ್ತವೆ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ರಾತ್ರಿ ಹೊತ್ತು, ಪುಟ ಬಿಡುವ ಸಮಯ ಹತ್ತಿರ. ಎಲ್ಲರಿಗೂ ಸುಸ್ತು. ಯಾರೋ ಹೇಳುತ್ತಾರೆ, ಉಳಿದವರೆಲ್ಲ ಹಾಕ್ತಿದ್ದಾರೆ ಸರ್, ನಾವು ಹಾಕದಿದ್ದರೆ ಬೆಳಿಗ್ಗೆ ಕೇಳ್ತಾರೆ ಅಂತ. ಆ ಒಂದು ಮಾತಿಗೆ ಎಷ್ಟೋ ಫೋಟೊಗಳು ಹೋಗಿಬಿಡುತ್ತವೆ. ನಮ್ಮಲ್ಲಿ ಒಬ್ಬ ಹಿರಿಯರಿದ್ದರು. ಜಾಸ್ತಿ ಮಾತಿಲ್ಲ. ಫೋಟೊ ನೋಡಿ ಕಿರಿಯರನ್ನೇ ಕೇಳುತ್ತಿದ್ದರು, ‘ಇದನ್ನ ತೆಗೆದರೆ ಸುದ್ದೀಲಿ ಏನು ಕಡಿಮೆ ಆಗುತ್ತೆ, ಹೇಳು.’ ಉತ್ತರ ಬಂದರೆ ಫೋಟೊ ಇರುತ್ತಿತ್ತು. ಬರದಿದ್ದರೆ ಹೋಗುತ್ತಿತ್ತು. ಸ್ಪಷ್ಟವಾದ ಉತ್ತರ ಬಂದು, ಕಷ್ಟದ ಚಿತ್ರವನ್ನು ಅವರು ಧೈರ್ಯವಾಗಿ ಹಾಕಿದ್ದೂ ಇದೆ. ಆದರೆ ಆಗ ಫೋಟೊ ಒಳಪುಟದಲ್ಲಿ, ಸಣ್ಣದಾಗಿ, ಕಪ್ಪು ಬಿಳುಪಿನಲ್ಲಿ.

ಫೋಟೊಗ್ರಾಫರ್‌ಗಳ ಮೇಲೆ ಇಲ್ಲಿ ತಪ್ಪು ಹೊರಿಸಬಾರದು. ಸ್ಥಳದಲ್ಲಿ ಅವರು ಎಲ್ಲವನ್ನೂ ತೆಗೆಯಬೇಕು. ಯಾವುದು ಮುಂದೆ ಸಾಕ್ಷಿಯಾಗುತ್ತದೆ ಅಂತ ಆ ಕ್ಷಣಕ್ಕೆ ಗೊತ್ತಿರುವುದಿಲ್ಲ. ತೆಗೆಯುವುದು ಒಂದು ನಿರ್ಧಾರ, ಪ್ರಕಟಿಸುವುದು ಇನ್ನೊಂದು. ಇವೆರಡರ ಮಧ್ಯೆ ಒಂದಿಷ್ಟು ಹೊತ್ತು ಇರಬೇಕು. ಈಗ ಆಗಿರುವ ದೊಡ್ಡ ಬದಲಾವಣೆ ಅಂದರೆ ಆ ಹೊತ್ತೇ ಮಾಯವಾಗಿದೆ. ಲೈವ್‌ನಲ್ಲಿ ತೆಗೆಯುವುದೂ ತೋರಿಸುವುದೂ ಒಂದೇ ಕ್ಷಣ.

ಹೊತ್ತು ತೆಗೆದುಕೊಂಡರೆ ಏನು ಸಾಧ್ಯ ಅನ್ನುವುದಕ್ಕೆ ವಾಷಿಂಗ್‌ಟನ್ ಪೋಸ್ಟ್ 2023ರ ನವೆಂಬರ್‌ನಲ್ಲಿ ಮಾಡಿದ ಕೆಲಸ ನೋಡಬಹುದು. ಅಮೆರಿಕದ ಗುಂಡಿನ ದಾಳಿಗಳಲ್ಲಿ ಬಳಕೆಯಾಗುವ ರೈಫಲ್ ಏನು ಮಾಡುತ್ತದೆ ಅಂತ ತೋರಿಸುವುದಕ್ಕೆ ದಾಳಿ ನಡೆದ ಸ್ಥಳಗಳ ಕಷ್ಟದ ಚಿತ್ರಗಳನ್ನು ಪತ್ರಿಕೆ ಪ್ರಕಟಿಸಿತು. ಅದಕ್ಕೂ ಮೊದಲು ಬಾಧಿತ ಕುಟುಂಬಗಳಿಗೆ ವಿಷಯ ತಿಳಿಸಿತು, ನೋಡಲು ಇಷ್ಟವಿಲ್ಲದವರು ತಪ್ಪಿಸಿಕೊಳ್ಳುವುದಕ್ಕೆ ದಾರಿ ಮಾಡಿಕೊಟ್ಟಿತು. ಎಲ್ಲರೂ ಅದನ್ನು ಒಪ್ಪಲಿಲ್ಲ. ಆದರೆ ಮನೆಯವರು ಬೆಳಿಗ್ಗೆ ಎದ್ದು ಪತ್ರಿಕೆಯಲ್ಲಿ ಇದ್ದಕ್ಕಿದ್ದಂತೆ ಅದನ್ನು ನೋಡುವ ಹಾಗೆ ಆಗದಿರಲಿ ಅನ್ನುವ ಕಾಳಜಿ ಅಲ್ಲಿತ್ತು.

ಭಾರತದಲ್ಲಿ ನಿಯಮ ಇಲ್ಲ ಅಂತೇನೂ ಇಲ್ಲ. ಭಯೋತ್ಪಾದಕ ದಾಳಿ, ಕೋಮು ಗಲಭೆಗಳಲ್ಲಿ ಛಿದ್ರವಾದ ಶವಗಳ ಚಿತ್ರ ಹಾಕಬಾರದು ಅಂತ, ಪತ್ರಿಕೆಗಳ ನಡತೆ ನೋಡಿಕೊಳ್ಳುವ ಪ್ರೆಸ್ ಕೌನ್ಸಿಲ್‌ನ ನೀತಿಸೂತ್ರಗಳೇ ಹೇಳುತ್ತವೆ. ಆದರೆ ಕೌನ್ಸಿಲ್ ಎಚ್ಚರಿಸಬಹುದು, ಖಂಡಿಸಬಹುದು, ಅದಕ್ಕಿಂತ ಜಾಸ್ತಿ ಏನೂ ಮಾಡಲಾರದು. ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ. 2023ರ ಜನವರಿ 9ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿ ಚಾನೆಲ್‌ಗಳಿಗೆ ಒಂದು ಸೂಚನೆ ಕಳಿಸಿತು. ಶವಗಳನ್ನು, ರಕ್ತಸಿಕ್ತರನ್ನು, ಮಕ್ಕಳು ಮುದುಕರನ್ನು ಹೊಡೆಯುವುದನ್ನು ಹತ್ತಿರದಿಂದ, ಮಸುಕು ಕೂಡ ಮಾಡದೆ ತೋರಿಸುತ್ತಿದ್ದೀರಿ, ಇವುಗಳಲ್ಲಿ ಬಹುಪಾಲು ಸಾಮಾಜಿಕ ಜಾಲತಾಣಗಳಿಂದ ತೆಗೆದು ಹಾಗೇ ಹಾಕಿದಂಥವು ಅನ್ನುವುದು ಅದರ ಸಾರ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತಿನ ವಿಷಯದಲ್ಲಿ ಮಾತ್ರ ಕಾನೂನು ಗಟ್ಟಿಯಾಗಿದೆ. ಸಂತ್ರಸ್ತೆ ಸತ್ತಿದ್ದರೂ ಗುರುತು ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಎಂಟು ವರ್ಷದ ಬಾಲಕಿಯ ಹೆಸರು, ಫೋಟೊ ಹಾಕಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಿಸಿತ್ತು. ಇಷ್ಟೆಲ್ಲ ಆದ ಮೇಲೂ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ವೈದ್ಯೆಯ ಹೆಸರು, ದೇಹದ ಫೋಟೊ, ವಿಡಿಯೊಗಳನ್ನು ಎಲ್ಲ ಜಾಲತಾಣಗಳಿಂದ ತೆಗೆಯಿರಿ ಅಂತ ಸುಪ್ರೀಂ ಕೋರ್ಟೇ ಆದೇಶ ಮಾಡಬೇಕಾಯಿತು. ಅಷ್ಟೊತ್ತಿಗೆ ಅವು ಎಲ್ಲೆಡೆ ಹರಡಿಯಾಗಿತ್ತು. ಹರಡಿದವರಲ್ಲಿ ನ್ಯಾಯ ಬೇಕು ಅಂತ ಕೂಗುತ್ತಿದ್ದವರೂ ಇದ್ದರು. ಅವಳಿಗಾಗಿ ದನಿ ಎತ್ತುತ್ತಲೇ ಅವಳ ಕೊನೆಯ ಮರ್ಯಾದೆಯನ್ನು ಕಿತ್ತುಕೊಳ್ಳುತ್ತಿದ್ದೇವೆ ಅನ್ನುವುದು ಅವರಿಗೆ ಹೊಳೆಯಲಿಲ್ಲ.

ನೋಡುವವರ ಮೇಲೆ ಆಗುವ ಪರಿಣಾಮವನ್ನು ಎರಡನೆಯದು ಅಂದೆ. ಚಿಕ್ಕದು ಅಂತ ಅಲ್ಲ. ಬಾಸ್ಟನ್ ಸ್ಫೋಟದ ನಂತರ ಅಮೆರಿಕದ ಸಂಶೋಧಕರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಮೇಲಿನ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿ ನೋಡಿದವರಲ್ಲಿ ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿನ ಒತ್ತಡದ ಲಕ್ಷಣಗಳು ಕಂಡಿದ್ದವು. ಹೊರಗಿನವರಿಗೇ ಹೀಗಾದರೆ, ಕಚ್ಚಾ ಫುಟೇಜ್ ನೋಡಿ ಯಾವುದು ಹಾಕಬೇಕು ಅಂತ ಆರಿಸುವ ಹುಡುಗ ಹುಡುಗಿಯರಿಗೆ ಏನಾಗಬೇಡ? ಅವರ ಬಗ್ಗೆ ನಮ್ಮ ಸುದ್ದಿಮನೆಗಳಲ್ಲಿ ಮಾತೇ ಇಲ್ಲ.

ದಾರಿಯಲ್ಲಿ ಅಪಘಾತ ಕಂಡಾಗ ಫೋನ್ ತೆಗೆಯುವ ನಮ್ಮೆಲ್ಲರದೂ ಇದರಲ್ಲಿ ಪಾಲಿದೆ. ಮೊದಲು ಆಂಬುಲೆನ್ಸಿಗೆ ಫೋನ್. ವಿಡಿಯೊ ಮಾಡಲೇಬೇಕಾದ ಕಾರಣ ಇದ್ದರೆ, ಅಂದರೆ ಗುದ್ದಿದ ಗಾಡಿ ಓಡಿಹೋಗುತ್ತಿದ್ದರೆ, ಯಾರೋ ಯಾರನ್ನೋ ಹೊಡೆಯುತ್ತಿದ್ದರೆ, ಮಾಡಿ. ಅದನ್ನು ಇಟ್ಟುಕೊಳ್ಳಿ, ತನಿಖೆಗೆ ಕೊಡಿ. ಮುಚ್ಚಿಹಾಕುವ ಸಂಶಯ ಇದ್ದರೆ ವಕೀಲರಿಗೆ, ನಂಬುವ ಪತ್ರಕರ್ತರಿಗೆ ಕೊಡಿ. ಗ್ರೂಪಿಗೆ ಹಾಕುವುದರಿಂದ ಗಾಯಗೊಂಡವರಿಗೆ ಏನೂ ಸಿಗುವುದಿಲ್ಲ. ಕೈಮುಗಿದ ಚಿಹ್ನೆ ಹಾಕಿ, ಸಂತಾಪ ಅಂತ ಬರೆದು ಕಳಿಸಿದರೂ ಫೋಟೊ ಅದೇ ಫೋಟೊ.

ಕೊನೆಯದಾಗಿ, ಯಾರೂ ಮಾತಾಡದ ಒಂದು ವಿಷಯ. ಹಳೇ ಪತ್ರಿಕೆ ಒಂದು ವಾರದಲ್ಲಿ ರದ್ದಿಗೆ ಹೋಗುತ್ತಿತ್ತು. ವೆಬ್‌ಸೈಟಿನ ಪುಟ ಹೋಗುವುದಿಲ್ಲ. ಐದು ವರ್ಷದ ಹಿಂದಿನ ಅಪಘಾತದ ಫೋಟೊ ಇವತ್ತಿನ ಬೇರೆ ಯಾವುದೋ ಸುದ್ದಿಗೆ ‘ಸಂಗ್ರಹ ಚಿತ್ರ’ ಅಂತ ಮತ್ತೆ ಬರುತ್ತದೆ. ಯೂಟ್ಯೂಬಿನಲ್ಲಿ ಥಂಬ್‌ನೇಲ್ ಆಗಿ ಬರುತ್ತದೆ. ಆ ಮನೆಯ ಮಗು ಓದು ಕಲಿತು, ಒಂದು ದಿನ ಸುಮ್ನೆ ಅಪ್ಪನ ಹೆಸರು ಹುಡುಕುತ್ತದೆ. ಇದಕ್ಕೆ ಮಾಡಬಹುದಾದ ಕೆಲಸ ತುಂಬ ಸರಳ, ಇವತ್ತೇ ಶುರು ಮಾಡಬಹುದು. ಪ್ರತಿ ಸುದ್ದಿಸಂಸ್ಥೆ ಇಂಥ ಫೋಟೊಗಳನ್ನು ತನ್ನ ಸಂಗ್ರಹದಲ್ಲಿ ಬೇರೆ ಮಾಡಿ, ಸಂಪಾದಕರ ಅನುಮತಿ ಇಲ್ಲದೆ ಮತ್ತೆ ಬಳಸದ ಹಾಗೆ ಬೀಗ ಹಾಕಬೇಕು. ಮನೆಯವರು ತೆಗೆಯಿರಿ ಅಂತ ಕೇಳುವುದಕ್ಕೆ ಒಂದು ಫೋನ್ ನಂಬರ್ ಕೊಡಬೇಕು. ಅದನ್ನು ಎತ್ತುವುದಕ್ಕೆ ಒಬ್ಬರನ್ನು ನೇಮಿಸಬೇಕು. ಅರ್ಜಿ ಕೊಡಿ, ದಾಖಲೆ ತನ್ನಿ ಅಂತ ಅಲೆದಾಡಿಸದೆ, ಕೇಳಿದ ದಿನವೇ ತೆಗೆಯುವ ಅಧಿಕಾರ ಅವರಿಗೆ ಇರಬೇಕು.